ಸತ್ಯಾಂಶ: ಮಾಡಿನಿಂದ ಬೆಕ್ಕು, ನಾಯಿ ಬೀಳ್ತಿದ್ದವಾ?

ಆಗುಂಬೆ, ತೀರ್ಥಹಳ್ಳಿ ಕಡೆ ಮಳೆ ಹಿಡಿದರೆ ಸಾಕು, ವಾಟ್ಸಾಪ್‌ನಲ್ಲಿ ಒಂದು ಹಳೇ ಫಾರ್ವರ್ಡ್ ಮತ್ತೆ ಓಡಾಡುತ್ತದೆ. ಜೋರು ಮಳೆಗೆ ಇಂಗ್ಲಿಷ್‌ನಲ್ಲಿ ‘ರೇನಿಂಗ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್’ ಅನ್ನುತ್ತಾರಲ್ಲ, ಅದಕ್ಕೆ ಕಾರಣ 1500ರ ಕಾಲದ ಇಂಗ್ಲೆಂಡಿನ ಹುಲ್ಲಿನ ಮಾಡುಗಳಂತೆ. ಅಲ್ಲಿ ಮಲಗಿದ್ದ ಬೆಕ್ಕು, ನಾಯಿಗಳು ಮಳೆಗೆ ಜಾರಿ ಬೀಳುತ್ತಿದ್ದವಂತೆ.

ಇದು 1999ರಲ್ಲಿ ಇಮೇಲ್‌ನಲ್ಲಿ ಹರಿದಾಡಿದ ಕಟ್ಟುಕಥೆ. ಮಾಡಿನ ಹುಲ್ಲನ್ನು ಒತ್ತಾಗಿ ಹೊದಿಸಿರುತ್ತಾರೆ. ಇಲಿ ನುಸುಳಬಹುದು, ನಾಯಿ ಎಲ್ಲಿಂದ ನುಗ್ಗುತ್ತದೆ? ಮೇಲೆ ಮಲಗಿದ್ದರೂ ಮಳೆ ಬಂದಾಗ ಅಲ್ಲೇ ಇರುತ್ತವಾ? ನಮ್ಮ ಮಲೆನಾಡಿನ ಬೆಕ್ಕನ್ನೇ ನೋಡಿ. ನಾಲ್ಕು ಹನಿ ಬಿದ್ದರೆ ಬಚ್ಚಲೊಲೆಯ ಬೆಚ್ಚನೆ ಬೂದಿಯಲ್ಲಿ ಮುದುರಿಕೊಂಡಿರುತ್ತದೆ.

ಹಳೇ ಬರಹಗಳೂ ಈ ಕಥೆಗೆ ಹೊಂದುವುದಿಲ್ಲ. 1653ರಲ್ಲಿ ಅಚ್ಚಾದ, ಇಂಗ್ಲಿಷ್ ನಾಟಕಕಾರ ರಿಚರ್ಡ್ ಬ್ರೋಮ್‌ನ ನಾಟಕದಲ್ಲಿ ಸುರಿಯುವುದು ನಾಯಿ ಮತ್ತು ಪೋಲ್‌ಕ್ಯಾಟ್. ಅದು ಬೆಕ್ಕೇ ಅಲ್ಲ, ನೀರುನಾಯಿಯ ಬಳಗದ ಪ್ರಾಣಿ! ಈಗಿನ ರೂಪದಲ್ಲಿ ಈ ಮಾತು 1738ರಲ್ಲಿ ಐರಿಷ್ ಲೇಖಕ ಜೊನಾಥನ್ ಸ್ವಿಫ್ಟ್ ಬರಹದಲ್ಲಿದೆ. ಇದರ ಮೂಲದ ಬಗ್ಗೆ ಭಾಷಾ ತಜ್ಞರಲ್ಲೇ ಒಮ್ಮತವಿಲ್ಲ. ನಾವು ‘ಆಕಾಶ ತೂತಾಗಿದೆ’ ಅನ್ನೋದಿಲ್ವಾ, ಹಾಗೆಯೇ ಇದೂ ಅತಿಶಯೋಕ್ತಿ.

ಅಂದಹಾಗೆ, ಇಂಗ್ಲಿಷ್ ಮನೆಮಾತಿನವರು ಇವತ್ತು ಇದನ್ನು ಬಳಸೋದು ಕಮ್ಮಿ. ‘ಇಟ್ಸ್ ಪೋರಿಂಗ್’ ಅಂದರೆ ಕೆಲಸ ಆಯ್ತು.