ಗೋಡೆಯಲ್ಲಿ ಉಳಿದ ಅಡಾಪ್ಟರ್

ಬೇರೆ ದೇಶದ ಹೋಟೆಲ್ ರೂಮಿಗೆ ಹೋದ ಕೂಡಲೇ ಜನ ಕಿಟಕಿ ಪರದೆ ಸರಿಸಿ ಹೊರಗೆ ನೋಡುತ್ತಾರೆ. ನಾನು ಮಂಡಿಯೂರಿ ಮಂಚದ ಹಿಂದೆ ಇಣುಕುತ್ತೇನೆ. ಫೋನಲ್ಲಿ ಉಳಿದಿರುವುದು 4 ಪರ್ಸೆಂಟ್, ಪ್ಲಗ್ ಪಾಯಿಂಟ್ ಎಲ್ಲಿದೆಯೋ!

ಸಿಕ್ಕಿದರೂ ತೂತು ಹೊಂದಬೇಕಲ್ಲ. ಇಟಲಿಯಲ್ಲಿ ಮೂರು ತೂತು ಒಂದೇ ಸಾಲಿನಲ್ಲಿ, ಅದರಲ್ಲೂ ಎರಡು ಅಳತೆ. ಆಸ್ಟ್ರೇಲಿಯಾದಲ್ಲಿ ಓರೆ. ಬ್ರಿಟನ್ನಿನ ಪ್ಲಗ್ ಅಂತೂ ದಢೂತಿ, ಒಳಗೇ ಫ್ಯೂಸ್ ಇಟ್ಟುಕೊಂಡಿದೆ, ಉದ್ದನೆಯ ಅರ್ಥ್ ಪಿನ್ ಮೊದಲು ಒಳಹೊಕ್ಕು ತೂತುಗಳ ಪುಟ್ಟ ಬಾಗಿಲು ಸರಿಸಿದರೆ ಮಾತ್ರ ಉಳಿದೆರಡಕ್ಕೆ ಪ್ರವೇಶ. ಬಹಳ ಜಾಣ ಏರ್ಪಾಡು, ಒಪ್ಪುತ್ತೇನೆ, ಆದರೆ ಕತ್ತಲಲ್ಲಿ ಬರಿಗಾಲಲ್ಲಿ ಅದನ್ನು ತುಳಿದವರನ್ನೂ ಒಂದು ಮಾತು ಕೇಳಿ.

ತೂತಿಗೆ ಅಡಾಪ್ಟರ್ ಇದೆ, ಸರಿ. ನಾನೂ ಹಾಗೇ ಅಂದುಕೊಂಡು ಅಮೆರಿಕದಲ್ಲಿ ಕೊಂಡ ಹೇರ್ ಡ್ರೈಯರನ್ನು ಯುರೋಪಿನಲ್ಲಿ ಸಿಕ್ಕಿಸಿದೆ. ಪಿನ್ ನಯವಾಗಿ ಕೂತಿತು. ಡ್ರೈಯರ್ ವಿಮಾನದ ಹಾಗೆ ಕಿರುಚಿ, ಸುಟ್ಟ ವಾಸನೆ ಬಿಟ್ಟು, ಸುಮ್ಮನಾಯಿತು. ಅದು 120 ವೋಲ್ಟಿಗೆ ಹುಟ್ಟಿದ್ದು, ಗೋಡೆಯಲ್ಲಿದ್ದದ್ದು 230. ವೋಲ್ಟೇಜ್ ಎರಡು ಪಟ್ಟಾದರೆ ಕಾಯಿಲಿನ ಶಾಖ ನಾಲ್ಕು ಪಟ್ಟು ಆಗುತ್ತದೆ, ಎರಡಲ್ಲ. ಶಾಲೆಯಲ್ಲಿ ಓದಿದ್ದೆ, ತಲೆಗೂದಲು ಒದ್ದೆ ಇದ್ದಾಗ ಅರ್ಥವಾಯಿತು. ಉಲ್ಟಾ ಆಗಿದ್ದರೆ ಪ್ರಾಣಾಪಾಯವಿಲ್ಲ, ಯಾರೋ ನಿಟ್ಟುಸಿರು ಬಿಟ್ಟಷ್ಟು ಗಾಳಿ ಬರುತ್ತದೆ, ಅಷ್ಟೇ. ಅಡಾಪ್ಟರ್ ಬದಲಿಸುವುದು ಪಿನ್ನಿನ ಆಕಾರ ಮಾತ್ರ, ವೋಲ್ಟೇಜಿಗೆ ಕೈ ಹಾಕುವುದಿಲ್ಲ.

ಜಪಾನಿನದು ಇನ್ನೊಂದು ತಮಾಷೆ. ಅಲ್ಲಿ 100 ವೋಲ್ಟ್, ದೇಶವಿಡೀ ಒಂದೇ ಥರದ ಪ್ಲಗ್. ಆದರೆ ಪೂರ್ವದಲ್ಲಿ 50 ಹರ್ಟ್ಜ್, ಅಂದರೆ ಕರೆಂಟ್ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತೂಗುತ್ತದೆ, ಪಶ್ಚಿಮದಲ್ಲಿ 60. 1890ರ ದಶಕದಲ್ಲಿ ಟೋಕಿಯೋ ಜರ್ಮನಿಯಿಂದ ಜನರೇಟರ್ ತರಿಸಿತು, ಒಸಾಕಾ ಅಮೆರಿಕದಿಂದ. ಆಮೇಲೆ ಬದಲಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಕರೆಂಟಿನ ಹರ್ಟ್ಜ್ ನೋಡಿಕೊಂಡು ಓಡುವ ಹಳೇ ಗಡಿಯಾರವನ್ನು ಒಸಾಕಾದಿಂದ ಟೋಕಿಯೋಗೆ ಒಯ್ದರೆ ಗಂಟೆಗೆ 10 ನಿಮಿಷ ಹಿಂದೆ ಬೀಳುತ್ತದೆ. ರಿಪೇರಿಯವನಿಗೆ ತೋರಿಸಿದರೆ ಅವನೇನು ಮಾಡಿಯಾನು, ಅಲ್ವಾ?

ಫೋನ್ ಚಾರ್ಜರಿಗೆ ಈ ತಾಪತ್ರಯವಿಲ್ಲ. ಇರುವೆ ಗಾತ್ರದ ಅಕ್ಷರದಲ್ಲಿ ‘100–240 ವೋಲ್ಟ್, 50/60 ಹರ್ಟ್ಜ್’ ಅಂತ ಅದರ ಮೈಮೇಲೇ ಬರೆದಿರುತ್ತದೆ. ಎಲ್ಲಿ ಹೋದರೂ ಹೊಂದಿಕೊಂಡು ಹೋಗುವ ಪ್ರಾಣಿ. ಅದಕ್ಕೆ ಬೇಕಾದದ್ದು ಅಡಾಪ್ಟರ್ ಒಂದೇ, ಮತ್ತು ಬೆಳಗಿನ ಗಡಿಬಿಡಿಯಲ್ಲಿ ಚಾರ್ಜರ್ ಎಳೆದುಕೊಂಡು ಓಡುವಾಗ ಗೋಡೆಯಲ್ಲೇ ಉಳಿಯುವುದೂ ಅದೇ. ಈಗ ಮಂಚದ ಹಿಂದೆ ಮಂಡಿಯೂರಿ ಕೂತಿದ್ದೇನಲ್ಲ, ಅಡಾಪ್ಟರ್ ಹಿಂದಿನ ಊರಿನ ಹೋಟೆಲಿನಲ್ಲಿದೆ.