ಕೈ ಆಡಿದರೆ ಓಡುವ ವಾಚು

ಹೆಂಗಸರ ಹಳೆಯ ಆಟೋಮ್ಯಾಟಿಕ್ ವಾಚನ್ನು ಉಡುಗೊರೆ ಕೊಡಲು ಹೊರಟವರು ಮೊದಲು ನೋಡುವುದು ಡಯಲನ್ನು. ನೋಡಬೇಕಾದದ್ದು ಕಟ್ಟಿಕೊಳ್ಳುವವರ ಕೈಯನ್ನು. ಈ ವಾಚಿಗೆ ಬ್ಯಾಟರಿ ಇಲ್ಲ, ದಿನಾ ಬೆಳಿಗ್ಗೆ ಕೀ ಕೊಡುವ ಕೆಲಸವೂ ಇಲ್ಲ. ಒಳಗಿರುವ ಅರ್ಧಚಂದ್ರದ ಆಕಾರದ ರೋಟರ್ ಕೈ ಆಡಿದಂತೆಲ್ಲ ತಿರುಗಿ ಸ್ಪ್ರಿಂಗನ್ನು ಸುತ್ತುತ್ತದೆ. ಗಂಡಸರ ವಾಚಿನ ರೋಟರಿಗೆ ತೂಕವೂ ಇದೆ, ಅಗಲವೂ ಇದೆ. ಹೆಂಗಸರ ವಾಚುಗಳಲ್ಲಿ ಬಹಳ ಬಳಕೆಯಾದ ಸ್ವಿಸ್ ಯಂತ್ರ ಇಟಿಎ 2671ರ ಅಡ್ಡಳತೆ ಬರೀ 17.2 ಮಿ.ಮೀ. ಅಷ್ಟು ಪುಟ್ಟ ಜಾಗದಲ್ಲಿ ತಿರುಗುವ ರೋಟರ್ ಸ್ಪ್ರಿಂಗನ್ನು ಪೂರ್ತಿ ಸುತ್ತಬೇಕಾದರೆ ಕೈ ಸುಮ್ಮನಿರಬಾರದು. ಮಾತಿಗೊಮ್ಮೆ ಕೈ ತಿರುಗಿಸುವವರಿಗೆ, ದಿನವಿಡೀ ಓಡಾಡುವವರಿಗೆ ಇದು ಹೇಳಿ ಮಾಡಿಸಿದ ವಾಚು. ಬೆಳಿಗ್ಗೆಯಿಂದ ಸಂಜೆಯವರೆಗೆ ಎಡಗೈಯನ್ನು ಮೇಜಿನ ಮೇಲಿಟ್ಟು ಕೂರುವವರ ಕೈಯಲ್ಲಿ ಅದು ಮಾರನೆಯ ದಿನ ಬೆಳಗಾಗುವುದರೊಳಗೆ ಮುಷ್ಕರ ಹೂಡುತ್ತದೆ, ಕೊಟ್ಟವರಿಗೆ ಕೆಟ್ಟ ಹೆಸರು. ಅಂಥವರಿಗೆ ಕೀ ಕೊಡುವ ವಾಚನ್ನೇ ಕೊಡುವುದು ಒಳ್ಳೆಯದು.

ನಮ್ಮಲ್ಲಿ ಎಚ್‌ಎಂಟಿ ಹುಡುಕುವವರು ಬಹಳ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆಗೂಡಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆಯ ಮೇಲೆ ಮಮತೆ ಇರುವುದು ಸಹಜ. ಆದರೆ ಹೆಂಗಸರ ಹಳೆಯ ಎಚ್‌ಎಂಟಿ ಎಂದು ಕೈಗೆ ಸಿಗುವವು ಹೆಚ್ಚಾಗಿ ಕೀ ಕೊಡುವವೇ. ಆಟೋಮ್ಯಾಟಿಕ್ಕೇ ಬೇಕೆಂದರೆ ಸೈಕೋ, ಸಿಟಿಜನ್, ಟಿಟೋನಿ, ಟಿಸೋ ಕಡೆ ಹೊರಳಬೇಕು. 1955ರ ಒಮೆಗಾ ಲೇಡಿಮ್ಯಾಟಿಕ್, 1957ರ ರೋಲೆಕ್ಸ್ ಲೇಡಿ ಡೇಟ್‌ಜಸ್ಟ್ ಚರಿತ್ರೆಗೆ ಸೇರಿದ ವಾಚುಗಳು. ಬೆಲೆಯೂ ಚರಿತ್ರೆಗೆ ತಕ್ಕಂತೆಯೇ ಇರುತ್ತದೆ, ನಕಲಿಗಳೂ ಅಷ್ಟೇ.

ಉಡುಗೊರೆಗೆ ಹಳೆಯ ಸೈಕೋದಷ್ಟು ಅನುಕೂಲದ್ದು ಇನ್ನೊಂದಿಲ್ಲ, ಏಕೆಂದರೆ ಅದು ತನ್ನ ಜಾತಕವನ್ನು ಬೆನ್ನ ಮೇಲೇ ಬರೆದುಕೊಂಡಿರುತ್ತದೆ. ಹಿಂದಿನ ಮುಚ್ಚಳದ ಮೇಲೆ ಗೀಟು ಹಾಕಿ ಬೇರೆ ಮಾಡಿದ ಎರಡು ಸಂಖ್ಯೆಗಳಿರುತ್ತವೆ: ಮೊದಲಿನದು ಯಂತ್ರದ್ದು, 2205, 4205 ಹೀಗೆ, ಎರಡನೆಯದು ಕೇಸಿನದು, ಅಂದರೆ ಹೊರಗಿನ ಕವಚದ್ದು. ಪಕ್ಕದಲ್ಲಿ ಸೀರಿಯಲ್ ನಂಬರು. ಅದರ ಮೊದಲ ಅಂಕಿ ಇಸವಿಯ ಕೊನೆಯ ಅಂಕಿ, ಎರಡನೆಯದು ತಿಂಗಳು. ಅಕ್ಟೋಬರಿಗೆ ಸೊನ್ನೆ, ನವೆಂಬರಿಗೆ ಎನ್, ಡಿಸೆಂಬರಿಗೆ ಡಿ. 73 ಎಂದು ಶುರುವಾದರೆ ಮಾರ್ಚ್ ತಿಂಗಳು, 1977 ಅಥವಾ 1987. ಯಾವ ದಶಕ ಎಂಬುದನ್ನು ಯಂತ್ರದ ನಂಬರು ನೋಡಿ ತೀರ್ಮಾನಿಸಬೇಕು. ಹುಟ್ಟಿದ ತಿಂಗಳಿನದೇ ವಾಚು ಕೊಡುವ ಹುಚ್ಚಿದ್ದವರಿಗೆ ಇಷ್ಟು ಸಾಕು. ಡಯಲಿನ ಕೆಳತುದಿಯಲ್ಲಿ, ಆರರ ಕೆಳಗೆ, ಇರುವೆ ಸಾಲಿನಂಥ ಅಕ್ಷರಗಳಿರುತ್ತವೆ. ಅಲ್ಲಿಯೂ ಯಂತ್ರದ ನಂಬರೇ ಮೊದಲು ಬರಬೇಕು. ಮುಚ್ಚಳದ್ದು ಒಂದು, ಡಯಲಿನದು ಇನ್ನೊಂದು ಎಂದಾದರೆ ಯಾವುದೋ ವಾಚಿನ ತಲೆಗೆ ಯಾವುದೋ ವಾಚಿನ ಮುಂಡ ಜೋಡಿಸಿದ್ದಾರೆ ಎಂದರ್ಥ.

ಆ ಸಾಲೇ ಮಾಯವಾಗಿದ್ದರೆ ಡಯಲಿಗೆ ಮತ್ತೆ ಬಣ್ಣ ಹೊಡೆದಿರಬಹುದು. ಮಾರುವವರು ಇದನ್ನು ‘ಹೊಸದರಂತಿದೆ’ ಎನ್ನುತ್ತಾರೆ. ಕೇಸಿನ ಮೂಲೆಗಳು ಸವೆದಿದ್ದು, ಡಯಲು ಮಾತ್ರ ನವಿಲಿನ ಕತ್ತಿನ ಬಣ್ಣದಲ್ಲಿ ಮಿಂಚುತ್ತಿದ್ದರೆ ಅನುಮಾನಿಸಿ. ಭೂತಗನ್ನಡಿ ಹಿಡಿದು ನೋಡಿದರೆ ಅಕ್ಷರಗಳ ಅಂಚು ಹರಡಿರುತ್ತದೆ, ನಿಮಿಷದ ಗೀಟುಗಳು ಗಂಟೆಯ ಗುರುತಿಗೆ ಸರಿಯಾಗಿ ಕೂಡುವುದಿಲ್ಲ, ತಾರೀಖಿನ ಕಿಟಕಿಯ ಅಂಚಿಗೆ ಬಣ್ಣ ಮೆತ್ತಿರುತ್ತದೆ. ಡಯಲಿನ ಮೇಲೆ ‘ಆಟೋಮ್ಯಾಟಿಕ್’ ಎಂದು ಬರೆಯುವುದಕ್ಕೂ ಅದೇ ಬಣ್ಣ ಸಾಕು. ಮುಚ್ಚಳ ತೆಗೆದ ಫೋಟೊ ಕೇಳಿ, ರೋಟರ್ ಕಾಣದಿದ್ದರೆ ಆ ವಾಚನ್ನು ಬಿಟ್ಟು ಮುಂದಕ್ಕೆ ಹೋಗಿ.

ಆ ಫೋಟೊದಲ್ಲಿ ಮುಚ್ಚಳದ ಒಳಮೈಯನ್ನೂ ನೋಡಬೇಕು. ಅಲ್ಲಿ ವೃತ್ತಾಕಾರದ ಗೀರುಗಳಿದ್ದರೆ ರೋಟರಿನ ಅಚ್ಚು ಸವೆದು, ಅದು ಓಲಾಡಿ ಮುಚ್ಚಳಕ್ಕೆ ಉಜ್ಜುತ್ತಿದೆ. ಕಿವಿಯ ಬಳಿ ಹಿಡಿದು ಮೆಲ್ಲಗೆ ಅಲ್ಲಾಡಿಸಿದರೆ ಕರಕರ ಸದ್ದೂ ಕೇಳುತ್ತದೆ. ಇನ್ನೊಂದು ಪರೀಕ್ಷೆ, ಕೀ ಕೊಡುವ ಸೌಕರ್ಯವೂ ಇರುವ ಸ್ವಿಸ್ ಯಂತ್ರಗಳಿಗೆ: ಮುಚ್ಚಳ ತೆಗೆದು ಕ್ರೌನಿನಿಂದ, ಅಂದರೆ ಪಕ್ಕದ ತಿರುಪಿನಿಂದ, ಕೀ ಕೊಡುವಾಗ ರೋಟರೂ ಜೊತೆಗೆ ಗಿರಗಿರ ತಿರುಗಿದರೆ ರೋಟರ್ ಎತ್ತ ತಿರುಗಿದರೂ ಸ್ಪ್ರಿಂಗನ್ನು ಒಂದೇ ದಿಕ್ಕಿಗೆ ಸುತ್ತಿಸುವ ರಿವರ್ಸಿಂಗ್ ಚಕ್ರಗಳಲ್ಲಿ ಎಣ್ಣೆ ಅಂಟಾಗಿದೆ. ಗಡಿಯಾರ ಓಡುತ್ತದೆ ನಿಜ, ಆದರೆ ಕೈ ಎಷ್ಟು ಆಡಿಸಿದರೂ ಸ್ಪ್ರಿಂಗ್ ಸರಿಯಾಗಿ ಸುತ್ತಿಕೊಳ್ಳುವುದಿಲ್ಲ.

‘ಸರ್ವಿಸ್ ಆಗಿದೆ’ ಎಂಬ ಮಾತಿಗೆ ಬೆಲೆ ಕಟ್ಟುವಾಗ ಹುಷಾರು. ಇಡೀ ಯಂತ್ರವನ್ನು ಪೆಟ್ರೋಲಿನಲ್ಲಿ ಅದ್ದಿ, ಒಣಗಿಸಿ, ಮೇಲೊಂದು ತೊಟ್ಟು ಎಣ್ಣೆ ಬಿಡುವುದೂ ಕೆಲವರ ಲೆಕ್ಕದಲ್ಲಿ ಸರ್ವಿಸ್ಸೇ. ನಿಜವಾದದ್ದೆಂದರೆ ಭಾಗಗಳನ್ನೆಲ್ಲ ಬಿಚ್ಚಿ ತೊಳೆದು, ಜಾಗಕ್ಕೆ ತಕ್ಕ ಎಣ್ಣೆ ಹಾಕಿ ಕೂಡಿಸುವುದು. ಆಮೇಲೆ ಟೈಮ್‌ಗ್ರಾಫರ್ ಎಂಬ, ವಾಚಿನ ಓಟ ಅಳೆಯುವ ಯಂತ್ರದ ಮೇಲಿಟ್ಟ ಫೋಟೊ ಕೇಳಿ. ಪೂರ್ತಿ ಕೀ ಇದ್ದಾಗ ಆಂಪ್ಲಿಟ್ಯೂಡ್, ಅಂದರೆ ಅತ್ತಿತ್ತ ಆಡುತ್ತ ಓಟವನ್ನು ಹದದಲ್ಲಿಡುವ ಬ್ಯಾಲೆನ್ಸ್ ಚಕ್ರ ಒಂದು ಕಡೆಗೆ ತೂಗುವ ಕೋನ, 250 ಡಿಗ್ರಿ ದಾಟಿದರೆ ಸಂತೋಷ, 200ಕ್ಕಿಂತ ಕೆಳಗಿದ್ದರೆ ಖರ್ಚು ಕಾದಿದೆ. ಬೀಟ್ ಎರರ್, ಅಂದರೆ ಟಿಕ್ಕಿಗೂ ಟಾಕಿಗೂ ಇರುವ ಅಂತರದ ವ್ಯತ್ಯಾಸ, ಒಂದು ಮಿಲಿಸೆಕೆಂಡಿನೊಳಗಿರಲಿ. ದಿನಕ್ಕೆ ಅರ್ಧ ನಿಮಿಷ ಹಿಂದುಮುಂದಾದರೆ ಬೇಜಾರು ಮಾಡಿಕೊಳ್ಳಬಾರದು. ಇಷ್ಟು ಚಿಕ್ಕ ಬ್ಯಾಲೆನ್ಸ್ ಚಕ್ರ ಕೈ ತಿರುಗಿದ ದಿಕ್ಕಿಗೆಲ್ಲ ಸ್ವಲ್ಪ ಬೇರೆ ಬೇರೆ ವೇಗದಲ್ಲೇ ಆಡುತ್ತದೆ. ಇದ್ದಕ್ಕಿದ್ದಂತೆ ನಿಮಿಷಗಟ್ಟಲೆ ಮುಂದೆ ಓಡತೊಡಗಿದರೆ ಮಾತ್ರ ಕೂದಲೆಳೆಯಂಥ ಹೇರ್‌ಸ್ಪ್ರಿಂಗ್ ಅಯಸ್ಕಾಂತದ ಪ್ರಭಾವಕ್ಕೆ ಸಿಕ್ಕಿರಬಹುದು. ಡಿಮ್ಯಾಗ್ನೆಟೈಸರ್ ಇರುವ ರಿಪೇರಿ ಅಂಗಡಿಯಲ್ಲಿ ಅದು ಕ್ಷಣದ ಕೆಲಸ.

ಚಿನ್ನದ ಬಣ್ಣದ ಕೇಸಾದರೆ ಬೆಲ್ಟು ಸಿಕ್ಕಿಸುವ ಕೊಂಬುಗಳ, ಅಂದರೆ ಲಗ್‌ಗಳ ತುದಿಯನ್ನೂ ಹಿಂಭಾಗದ ಅಂಚನ್ನೂ ನೋಡಬೇಕು. ಬೆವರು ಮೊದಲು ತಿನ್ನುವುದು ಅಲ್ಲಿ. ಮುಲಾಮು, ಅಂದರೆ ಚಿನ್ನದ ಲೇಪ, ಹೋಗಿ ಹಿತ್ತಾಳೆ ಕಂಡರೆ ಅದು ಮತ್ತೆ ಮುಚ್ಚುವುದಿಲ್ಲ. ಹೊಸದಾಗಿ ಮುಲಾಮು ಹಾಕಿಸಬಹುದು, ಹಾಕುವ ಮೊದಲಿನ ಪಾಲಿಶಿನಲ್ಲಿ ಕೇಸಿನ ಮೂಲೆಗಳು ಕರಗುತ್ತವೆ. ಸ್ಟೀಲ್ ಸಿಕ್ಕರೆ ಸ್ಟೀಲೇ ಇರಲಿ. ಗಾಜು ಅಕ್ರಿಲಿಕ್ ಆಗಿದ್ದರೆ ಮೇಲಿನ ಗೀರುಗಳಿಗೆ ಹೆದರಬೇಕಿಲ್ಲ, ಉಜ್ಜಿದರೆ ಹೋಗುತ್ತವೆ.

ಅಳತೆಯ ವಿಷಯಕ್ಕೆ ಬಂದರೆ, ಗುಟ್ಟಾಗಿ ಬಳೆ ತೆಗೆದು ನೋಡಿ ಪ್ರಯೋಜನವಿಲ್ಲ. 2-4, 2-6 ಎನ್ನುವುದು ಬಳೆ ಅಂಗೈ ದಾಟಿ ಬರುವ ಅಳತೆ, ಮಣಿಕಟ್ಟಿನದಲ್ಲ. ಅವರು ಈಗ ಕಟ್ಟಿಕೊಳ್ಳುವ ವಾಚಿನ ಬೆಲ್ಟು ಯಾವ ತೂತಿನಲ್ಲಿ ಸವೆದಿದೆ ಎಂದು ನೋಡಿ ದಾರದಲ್ಲಿ ಅಳೆದುಕೊಳ್ಳಿ. ಲಗ್‌ಗಳ ನಡುವಿನ ಅಗಲ 12 ಅಥವಾ 14 ಮಿ.ಮೀ. ಇದ್ದರೆ ಬೆಲ್ಟು ಸುಲಭ, 11 ಅಥವಾ 13 ಆದರೆ ಅಂಗಡಿ ಅಂಗಡಿ ತಿರುಗಬೇಕು. ಕೇಸಿಗೇ ಅಂಟಿಕೊಂಡು ಬರುವ ಚೈನಿನ ವಾಚುಗಳು ಎಪ್ಪತ್ತರ ದಶಕದಲ್ಲಿ ಬಹಳ ಬಂದವು, ನೋಡಲು ಚೆಂದ, ಆದರೆ ಬೇರೆ ಬೆಲ್ಟು ಕೂರುವುದಿಲ್ಲ. ಹಿಂದಿನ ಒಡತಿಯ ಮಣಿಕಟ್ಟು ಸಣ್ಣದಾಗಿದ್ದರೆ ಕೊಂಡಿಗಳನ್ನು ಆಗಲೇ ತೆಗೆಸಿ ಎಸೆದಿರುತ್ತಾರೆ.

ಕೊಡುವಾಗ ಡಬ್ಬಿಯೊಳಗೆ ಒಂದು ಚೀಟಿ ಇಡುವುದು ವಾಸಿ. ನಿಂತಿದ್ದರೆ ಕೀ ಕೊಡಲು ಬರುವ ವಾಚಿಗೆ 20–30 ಸುತ್ತು ಕೊಟ್ಟು ಕಟ್ಟಿಕೊಳ್ಳಬೇಕು. ಮುಳ್ಳುಗಳು ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ಮೂರರ ನಡುವೆ ಇರುವಾಗ ತಾರೀಖು ಬದಲಾಯಿಸಬಾರದು, ಆ ಹೊತ್ತಿನಲ್ಲಿ ಹಲ್ಲುಗಳು ಕಚ್ಚಿಕೊಂಡಿರುತ್ತವೆ, ಬಲವಂತ ಮಾಡಿದರೆ ಮುರಿಯುತ್ತವೆ. ಹಿಂದೆ ‘ವಾಟರ್ ರೆಸಿಸ್ಟೆಂಟ್’ ಎಂದು ಕೆತ್ತಿದ್ದರೂ ಪಾತ್ರೆ ತೊಳೆಯುವಾಗ ಬಿಚ್ಚಿಡಬೇಕು, ನಲವತ್ತು ವರ್ಷದ ರಬ್ಬರು ನೀರು ತಡೆಯುವುದಿಲ್ಲ. ಚೈನು ಗಿಡ್ಡ ಮಾಡಿಸಿದ್ದರೆ ತೆಗೆದ ಕೊಂಡಿಗಳನ್ನೂ ಅದೇ ಡಬ್ಬಿಯಲ್ಲಿ ಹಾಕಿ ಕೊಡಿ. ಅವು ಬಿಡಿಯಾಗಿ ಎಲ್ಲೂ ಸಿಗುವುದಿಲ್ಲ, ಎರಡು ಕೊಂಡಿಗೋಸ್ಕರ ಇನ್ನೊಂದು ವಾಚನ್ನೇ ಕೊಳ್ಳಬೇಕಾಗುತ್ತದೆ.