ಒತ್ತಲು ಗುಂಡಿಯಿಲ್ಲ, ಒತ್ತಿಗೆ ಜಾಗವಿಲ್ಲ

"ಲೋ ಮಗಾ, ನನ್ ಹೆಸರಲ್ಲಿ ಅಕ್ಷರಾನೇ ಇಲ್ವಂತೆ ಕಣೋ!"

2025ರ ಜೂನ್ ತಿಂಗಳ ಒಂದು ಭಾನುವಾರ, ಬೆಳಗ್ಗೆ ಏಳೂವರೆ. ತಿಪಟೂರು ಕಡೆಯ ನಮ್ಮ ಊರಿನಿಂದ ದೊಡ್ಡಪ್ಪನ ಫೋನು. ಅವರ ನಿಜವಾದ ಹೆಸರು ಇಲ್ಲಿ ಬೇಡ, ಚನ್ನಬಸಪ್ಪ ಎಂದಿಟ್ಟುಕೊಳ್ಳಿ. ಎರಡು ಒತ್ತಿರುವ ಯಾವ ಹೆಸರಾದರೂ ನಡೆಯುತ್ತದೆ. ತೋಟಕ್ಕೆ ಏನೋ ಸಹಾಯಧನ ಬರುತ್ತದೆಂದು ಮೊಬೈಲಿನಲ್ಲಿ ಅರ್ಜಿ ತುಂಬಲು ಕೂತಿದ್ದರು. 'ಹೆಸರು, ಕನ್ನಡದಲ್ಲಿ' ಎಂದು ಕೇಳಿತ್ತು. ಕನ್ನಡದಲ್ಲೇ ಬರೆದರು. ಕೆಳಗೆ ಕೆಂಪಕ್ಷರದಲ್ಲಿ ಉತ್ತರ ಬಂತು: 'ದಯವಿಟ್ಟು ಅಕ್ಷರಗಳನ್ನು ಮಾತ್ರ ನಮೂದಿಸಿ.'

"ನಾನೇನು ಅಂಕಿ ಹಾಕಿದೀನಾ? ಚನ್ನಬಸಪ್ಪ ಅಂತ ಬರ್ದಿದೀನಿ. ನೀನೂ ಇದೇ ಕೆಲ್ಸ ಅಲ್ವಾ ಮಾಡೋದು ಬೆಂಗಳೂರಲ್ಲಿ?"

ಹೌದು, ಇದೇ ಕೆಲಸ. ವೆಬ್ ಪುಟಗಳ ಎದುರಿಗೆ ಕಾಣುವ ಭಾಗ ಕಟ್ಟುವವನು ನಾನು: ಗುಂಡಿ, ಖಾಲಿ ಚೌಕ, ಜಾರುವ ಚಿತ್ರ, ಸುತ್ತುವ ಚಕ್ರ. ಆ ಕೆಂಪಕ್ಷರ ಎಲ್ಲಿಂದ ಬಂತು ಎನ್ನುವುದು ಅವರು ಹೇಳಿ ಮುಗಿಸುವ ಮೊದಲೇ ನನಗೆ ಗೊತ್ತಾಗಿತ್ತು. ಅಂಥದ್ದನ್ನು ನಾನೂ ಬರೆದಿದ್ದೇನೆ.

ಹಿಂದೆ ಹೆಸರಿನ ಚೌಕಕ್ಕೆ ಕಾವಲು ಕಾಯುತ್ತಿದ್ದ ನಿಯಮ ಸರಳವಾಗಿತ್ತು. ಇಂಗ್ಲಿಷಿನ ಎ ಇಂದ ಝಡ್‌ವರೆಗಿನದು ಮಾತ್ರ ಅಕ್ಷರ, ಮಿಕ್ಕಿದ್ದೆಲ್ಲ ಕಸ. ಆಮೇಲೆ ಯಾರೋ ಪುಣ್ಯಾತ್ಮರು ಸಭೆಯಲ್ಲಿ, 'ನಾವು ಎಲ್ಲ ಭಾರತೀಯ ಭಾಷೆಗಳನ್ನೂ ಒಳಗೊಳ್ಳಬೇಕು' ಎಂದರು. ಒಳಗೊಂಡೆವು. ಹೊಸ ನಿಯಮ: ಯಾವ ಭಾಷೆಯದಾದರೂ ಸರಿ, ಯೂನಿಕೋಡ್ (ಲಿಪಿಗಳ ಒಂದೊಂದು ಚಿಹ್ನೆಗೂ ಒಂದೊಂದು ಸಂಖ್ಯೆ ಕೊಡುವ, ಕಂಪ್ಯೂಟರುಗಳ ಪಟ್ಟಿ) ಅದನ್ನು 'ಅಕ್ಷರ' ಎಂದು ಕರೆದಿದ್ದರೆ ಬಿಡು. ಎಷ್ಟು ಉದಾರ! ಸಿಬ್ಬಂದಿಗೆಲ್ಲ ಕೇಕು ಹಂಚಲಾಯಿತು.

ಯೂನಿಕೋಡ್‌ನಲ್ಲಿ ಕನ್ನಡ ಹೊಸ ಬಾಡಿಗೆದಾರನಲ್ಲ. 1991ರ ಮೊದಲ ಆವೃತ್ತಿಯಿಂದಲೂ ಇದೆ, 128 ಮನೆಗಳ ಸ್ವಂತ ಬೀದಿಯೇ ಇದೆ. ಆದರೆ ಆ ಬೀದಿಯಲ್ಲಿ ಎರಡು ಜಾತಿ. 'ಕ' ಎಂದರೆ ಅಕ್ಷರ. ಅದಕ್ಕೆ ಹತ್ತುವ ದೀರ್ಘ, ಗುಡಿಸು, ಕೊಂಬು, ಏತ್ವ, ಸೊನ್ನೆ, ಒತ್ತು ಕೊಡಿಸುವ ಹಲಂತ, ಇವೆಲ್ಲ 'ಗುರುತು'. ಅಕ್ಷರಕ್ಕೆ ಬಾಗಿಲು ತೆರೆದ ನಮ್ಮ ಹುಡುಗರು ಗುರುತುಗಳಿಗೆ ತೆರೆಯಲು ಮರೆತರು. ಇಂಗ್ಲಿಷಿನಲ್ಲಿ ಪರೀಕ್ಷೆ ಮಾಡಿದರು, ಪಾಸಾಯಿತು.

ಪರಿಣಾಮ ನೋಡಿ. ಕಮಲ ಒಳಗೆ, ವಿಮಲ ಹೊರಗೆ. ಲವ ಒಳಗೆ, ಕುಶ ಹೊರಗೆ. ಬಸವನಿಗೆ ಪ್ರವೇಶ ಉಂಟು, ಬಸವಣ್ಣನಿಗೆ ಇಲ್ಲ. ಪಂಪ, ಪೊನ್ನ, ರನ್ನ ಮೂವರೂ ಒಟ್ಟಿಗೆ ಫೇಲು. ರತ್ನತ್ರಯರಲ್ಲಿ ಒಬ್ಬರಿಗೂ ಅರ್ಜಿ ಹಾಕುವ ಯೋಗ್ಯತೆ ಇಲ್ಲ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅಯೋಧ್ಯೆಯ ಫಲಿತಾಂಶ. ದಶರಥ ಪಾಸು. ಭರತ ಪಾಸು. ರಾಮ, ಸೀತೆ, ಲಕ್ಷ್ಮಣ ಮೂವರೂ ಹೊರಗೆ. ಕೈಕೇಯಿಗೆ ಎರಡು ವರ ಕೇಳುವ ಶ್ರಮವೂ ಬೇಕಿರಲಿಲ್ಲ, ಈ ಅರ್ಜಿಯೊಂದನ್ನು ತುಂಬಿಸಿದ್ದರೆ ಸಾಕಿತ್ತು. (ಅವಳ ಹೆಸರೂ ಪಾಸಾಗುತ್ತಿರಲಿಲ್ಲ, ಆ ಮಾತು ಬೇರೆ.) 'ಅಕ್ಷರಗಳನ್ನು ಮಾತ್ರ ನಮೂದಿಸಿ' ಎಂದು ಗದರುವ ಆ ಸಾಲಿನ 'ಅಕ್ಷರ' ಎಂಬ ಪದವನ್ನೇ ಚೌಕದೊಳಗೆ ಬರೆದುನೋಡಿದರೆ ಅದೂ ಫೇಲು, 'ಕ್ಷ' ಇದೆಯಲ್ಲ!

ಇದನ್ನು ಸರಿಪಡಿಸಲು ಗುರುತುಗಳನ್ನೂ ಬಿಡು ಎಂದು ನಿಯಮಕ್ಕೆ ಒಂದು ತುಣುಕು ಸೇರಿಸಿದರಾಯಿತು. ಅರ್ಧ ಸಾಲಿನ ಕೆಲಸ. ಆ ಅರ್ಧ ಸಾಲಿಗೆ ಟೆಂಡರು ಕರೆಯಬೇಕಷ್ಟೇ.

"ದೊಡ್ಡಪ್ಪ, ಸ್ವಲ್ಪ ತಡೀರಿ, ಸಾಯಂಕಾಲ ನಾನೇ ನೋಡ್ತೀನಿ" ಎಂದೆ. ಅವರು ತಡೆಯುವ ಪೈಕಿಯವರಲ್ಲ. ಹತ್ತು ನಿಮಿಷಕ್ಕೆ ಮತ್ತೆ ಫೋನು.

"ಆಯ್ತು ಕಣೋ, ಹೋಯ್ತು! ಅವ್ರೇ ಕೆಳಗೆ 'ಸಲಿಸಿ' ಅಂತ ಬರ್ದವ್ರೆ. ಓಹೋ, ಸರ್ಕಾರದವ್ರು ಒತ್ತು ತೆಗ್ದಾಕವ್ರೆ ಅಂದ್ಕಂಡೆ. ನಾನೂ ತೆಗ್ದೆ. ಚನಬಸಪ. ಹಸಿರು ಟಿಕ್ ಬಂತು."

ನಾನು ತಲೆ ಮೇಲೆ ಕೈಹೊತ್ತೆ. ಪುಟ ತೆರೆದು ನೋಡಿದರೆ ನಿಜ, 'ಸಲಿಸಿ' ಎಂದೇ ಕಾಣುತ್ತಿದೆ. ಬರೆದದ್ದು 'ಸಲ್ಲಿಸಿ' ಎಂದೇ, ಆದರೆ ಒತ್ತು ಕತ್ತರಿಸಿ ಹೋಗಿದೆ. ವಿನ್ಯಾಸ ಮಾಡಿದವರು ಇಂಗ್ಲಿಷಿನ 'ಸಬ್ಮಿಟ್' ಇಟ್ಟು ಗುಂಡಿಯ ಎತ್ತರ ಅಳೆದಿದ್ದಾರೆ. ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಜಿ, ಜೆ, ಪಿ, ಕ್ಯೂ, ವೈ, ಈ ಐದಕ್ಕೆ ಮಾತ್ರ ಸಾಲಿನ ಕೆಳಗೆ ಇಳಿಯುವ ಬಾಲ. ಕನ್ನಡಕ್ಕೆ ಬಾಲವಲ್ಲ, ಕೆಳಮನೆಯೇ ಇದೆ. ಅಲ್ಲಿ ಇನ್ನೊಂದು ಅಕ್ಷರ ಸಂಸಾರ ಸಮೇತ ವಾಸವಾಗಿದೆ. ಎತ್ತರ ಇಷ್ಟೇ, ಮೀರಿದ್ದು ಕಾಣಬಾರದು ಎಂದು ಕೋಡಿನಲ್ಲಿ ಬರೆದರೆ ಕೆಳಮನೆ ನೆಲಸಮ. ಆ ಪುಟದ ಮೇಲೆಲ್ಲ ಕಣ್ಣಾಡಿಸಿದೆ. 'ಒಪ್ಪಿಗೆ' ಹೋಗಿ 'ಒಪಿಗೆ', 'ಎಲ್ಲ' ಹೋಗಿ 'ಎಲ'. ನೆತ್ತಿಯ ಮೇಲೆ ಮಾತ್ರ ರಾಜ್ಯೋತ್ಸವದ ಶುಭಾಶಯ ಇನ್ನೂ ಬಲದಿಂದ ಎಡಕ್ಕೆ ಓಡುತ್ತಿದೆ, ಜೂನ್ ತಿಂಗಳಲ್ಲಿ. ಓಡುವ ಆ ಸಾಲಿನ ತಂತ್ರ ಬಳಕೆಗೆ ಬಾರದ್ದೆಂದು ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನ ನಿಯಮಾವಳಿ ಎಂದೋ ಹೇಳಿಯಾಗಿದೆ. ಬ್ರೌಸರುಗಳು ಮಾತ್ರ ಹಳೇ ಆಳನ್ನು ಮನೆಯಲ್ಲಿಟ್ಟುಕೊಂಡಂತೆ ದಾಕ್ಷಿಣ್ಯಕ್ಕೆ ಇನ್ನೂ ಓಡಿಸುತ್ತಿವೆ.

ಗುಂಡಿಯ ವಿಚಾರಕ್ಕೆ ಬಂದೆವು, ಹಾಗಾಗಿ ಮನೆಯ ಗುಟ್ಟು ಒಂದು ಹೇಳಿಬಿಡುತ್ತೇನೆ. ಅದು ಗುಂಡಿಯೇ ಅಲ್ಲ.

ಬ್ರೌಸರ್ ನಮಗೆ 'ಬಟನ್' ಎಂಬ ಸಿದ್ಧ ವಸ್ತುವನ್ನು ಪುಕ್ಕಟೆ ಕೊಡುತ್ತದೆ. ಬೆರಳಿಗೂ ಸ್ಪಂದಿಸುತ್ತದೆ, ಕೀಲಿಮಣೆಯ ಟ್ಯಾಬಿಗೂ ಸಿಗುತ್ತದೆ, ಎಂಟರ್, ಸ್ಪೇಸ್ ಒತ್ತಿದರೂ ಕೆಲಸ ಮಾಡುತ್ತದೆ, ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ಸ್ಕ್ರೀನ್ ರೀಡರಿಗೆ 'ನಾನು ಬಟನ್' ಎಂದು ತಾನೇ ಹೇಳಿಕೊಳ್ಳುತ್ತದೆ. ಇಷ್ಟು ಸಲೀಸಾಗಿ ಸಿಗುವುದಕ್ಕೆ ಮರ್ಯಾದೆ ಎಲ್ಲಿದೆ? ನಾವು 'ಡಿವ್' ಎಂಬ, ಯಾವ ಅರ್ಥವೂ ಇಲ್ಲದ ಖಾಲಿ ಡಬ್ಬಿ ತರುತ್ತೇವೆ. ಬಣ್ಣ ಬಳಿಯುತ್ತೇವೆ, ಮೂಲೆ ದುಂಡಗೆ ಮಾಡುತ್ತೇವೆ, ನೆರಳು ಬಿಡುತ್ತೇವೆ, ಒತ್ತಿದರೆ ಅಲೆ ಏಳುವಂತೆ ಮಾಡುತ್ತೇವೆ. ಎಲೆ ಹಾಸಿ ಊಟಕ್ಕೆ ಕರೆದರೆ, ಬಾಳೆಲೆ ಪಕ್ಕಕ್ಕಿಟ್ಟು ಹಳೇ ಪೇಪರಿಗೆ ಹಸಿರು ಬಣ್ಣ ಬಳಿದು ಕೂತಂತೆ. ಸಾರು ಬಡಿಸುವವರೆಗೂ ಚೆನ್ನಾಗಿಯೇ ಕಾಣುತ್ತದೆ.

ಬೆಂಗಳೂರಿನ ರಸ್ತೆಯದಕ್ಕೂ ಇದಕ್ಕೂ ಅಷ್ಟೇ ವ್ಯತ್ಯಾಸ. ಮಳೆ ನಿಂತ ಮೇಲೆ ಅದು ಗುಂಡಿಯಂತೆ ಕಾಣುವುದಿಲ್ಲ, ಆದರೆ ಗುಂಡಿ. ಇದು ಗುಂಡಿಯಂತೆ ಕಾಣುತ್ತದೆ, ಆದರೆ ಅಲ್ಲ.

1995ರಲ್ಲಿ ನೆಟ್‌ಸ್ಕೇಪ್ ಎಂಬ ಬ್ರೌಸರ್ ಕಂಪನಿಯ ಬ್ರೆಂಡನ್ ಐಕ್, ವೆಬ್ ಪುಟಗಳನ್ನು ಕುಣಿಸುವ ಜಾವಾಸ್ಕ್ರಿಪ್ಟ್ ಭಾಷೆಯ ಮೊದಲ ರೂಪವನ್ನು ಹತ್ತು ದಿನದಲ್ಲಿ ಕಟ್ಟಿದ. ಆ ಭಾಷೆಯಲ್ಲಿ ಒಂದು ಗುಂಡಿ ಕಟ್ಟಲು ನಮಗೆ ಎರಡು ವಾರದ ಸ್ಪ್ರಿಂಟ್, ಅಂದರೆ ಕೆಲಸದ ಒಂದು ಕಂತು, ಬೇಕು. ಮೂರನೇ ವಾರ, 'ಕೀಲಿಮಣೆಯಲ್ಲಿ ಕೆಲಸ ಮಾಡುತ್ತಿಲ್ಲ' ಎಂದು ಯಾರೋ ದೂರುತ್ತಾರೆ. ಅದು 'ಮುಂದಿನ ಹಂತ'ಕ್ಕೆ ಹೋಗುತ್ತದೆ. ಮುಂದಿನ ಹಂತ ಎಂಬುದು ನಮ್ಮ ವೃತ್ತಿಯಲ್ಲಿ ಸ್ವರ್ಗದ ಹಾಗೆ, ನೋಡಿ ಬಂದವರಿಲ್ಲ.

ಇರಲಿ, ದೊಡ್ಡಪ್ಪ. ಅಥವಾ ಚನಬಸಪ. ಎರಡನೇ ಪುಟದಲ್ಲಿ ಹುಟ್ಟಿದ ದಿನ. ಮೇಷ್ಟ್ರು ಶಾಲೆಗೆ ಸೇರಿಸುವಾಗ ದಯಪಾಲಿಸಿದ 1952ರ ಜೂನ್ 1. ಇದಕ್ಕೂ ಬ್ರೌಸರಿನಲ್ಲಿ ಸಿದ್ಧ ಚೌಕ ಉಂಟು. ಫೋನಿನಲ್ಲಿ ವರ್ಷವನ್ನು ಸರ್ರನೆ ಹಿಂದಕ್ಕೆ ಉರುಳಿಸಬಹುದು. ನಮ್ಮವರು ಬಿಡುತ್ತಾರೆಯೇ? ಸ್ವಂತ ಕ್ಯಾಲೆಂಡರ್ ಕೆತ್ತಿದ್ದಾರೆ, ತಿಳಿನೀಲಿ ಬಣ್ಣ. ಎಡಕ್ಕೊಂದು ಬಾಣ, ಒತ್ತಿದರೆ ಒಂದು ತಿಂಗಳು ಹಿಂದೆ. ಬೆರಳಿನಿಂದ ಬರೆಯಲು ಬಿಡುವುದಿಲ್ಲ. 73 ವರ್ಷಕ್ಕೆ 876 ಸಲ. ವಿಮಾನದ ಟಿಕೆಟ್ಟಿಗೆ ಮುಂದಿನ ತಿಂಗಳ ದಿನಾಂಕ ಆರಿಸಲು ಮಾಡಿದ್ದನ್ನೇ ತಂದು ಇಲ್ಲಿ ಅಂಟಿಸಿರಬೇಕು.

"ಬೇಜಾರೇನಿಲ್ಲ ಬಿಡು" ಎಂದರು ಮಧ್ಯಾಹ್ನದ ಫೋನಿನಲ್ಲಿ. "ತೊಂಬತ್ತೆಂಟು ದಾಟ್ದಾಗ ಬೋರು ಕೊರ್ಸಿದ್ದು ನೆನಪಾಯ್ತು. ಎಂಬತ್ಮೂರರಲ್ಲಿ ನಮ್ಮವ್ವ ಹೋದ್ಲು. ಎಪ್ಪತ್ತೆಂಟಕ್ಕೆ ಬಂದೆ, ನಂದೂ ನಿಮ್ ದೊಡ್ಡಮ್ಮಂದೂ ಮದ್ವೆ ಆದ್ ವರ್ಷ. ಅಲ್ಲಿಗೆ 'ನಿಮ್ಮ ಸೆಷನ್ ಮುಗಿದಿದೆ' ಅಂತು."

ಹಿಂದಿನಿಂದ ದೊಡ್ಡಮ್ಮ ಏನೋ ಅಂದದ್ದು ಕೇಳಿಸಿತು. ಇಲ್ಲಿ ಬರೆಯುವಂಥದ್ದಲ್ಲ.

ಮತ್ತೆ ಮೊದಲಿನಿಂದ ಒತ್ತಿ, ಮೂರನೇ ಪುಟ. ಮುಖ ತೋರಿಸಿ, ಬದುಕಿದ್ದೀರೆಂದು ಸಾಬೀತು ಮಾಡಲು ಕಣ್ಣು ಮಿಟುಕಿಸಿ. ಹಿಂದೆಲ್ಲ ಮಿಟುಕುವ ಕೆಲಸ ಪುಟದ್ದೇ ಆಗಿತ್ತು. ನೆಟ್‌ಸ್ಕೇಪ್ ಕಾಲದ 'ಬ್ಲಿಂಕ್' ಅಕ್ಷರಗಳನ್ನು ಮಿನುಗಿಸುತ್ತಿತ್ತು. ಕಣ್ಣಿಗೆ ಹಿಂಸೆ ಎಂದು 2013ರಲ್ಲಿ ಫೈರ್‌ಫಾಕ್ಸ್ ಕೂಡ ಅದನ್ನು ಕೈಬಿಟ್ಟಿತು. ಈಗ ಕೆಲಸ ನಮಗೆ ವರ್ಗವಾಗಿದೆ. ಮಿಟುಕಿಸಲು ಆಗದವರೂ ಇರುತ್ತಾರೆ ಎನ್ನುವುದು ಇದನ್ನು ಕಟ್ಟಿದ ಯಾರ ತಲೆಗೂ ಹೊಳೆದಿರಲಿಲ್ಲ. ಆಸಿಡ್ ದಾಳಿಯಲ್ಲಿ ಮುಖ, ಕಣ್ಣು ಸುಟ್ಟವರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. 2025ರ ಏಪ್ರಿಲ್ 30ರಂದು ನ್ಯಾಯಾಲಯ, ಡಿಜಿಟಲ್ ಸೇವೆ ಕೈಗೆಟಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನದೇ ಭಾಗ ಎಂದಿತು, ಮಿಟುಕಿಸುವುದಕ್ಕೆ ಬದಲಿ ದಾರಿ ಕೊಡಿ ಎಂದೂ ಹೇಳಿತು. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಪುಟವೊಂದು ಮನುಷ್ಯನನ್ನು ನಂಬಲಿ ಎಂದು ಹೇಳಿಸಲು ದೇಶದ ಅತಿ ದೊಡ್ಡ ಕೋರ್ಟೇ ಬೇಕಾಯಿತು, ಅಷ್ಟೇ.

ದೊಡ್ಡಪ್ಪ ಮಿಟುಕಿಸಿದರು. ಪುಟ ಒಪ್ಪಿತು. ಚಕ್ರ ಸುತ್ತಿತು, ಸುತ್ತಿತು, ಆಮೇಲೆ ಬಂತು: 'ಆಧಾರ್‌ನಲ್ಲಿರುವ ಹೆಸರಿಗೂ ನೀವು ನೀಡಿದ ಹೆಸರಿಗೂ ಹೊಂದಾಣಿಕೆ ಇಲ್ಲ.' ಹಿಂದಕ್ಕೆ ಹೋಗಿ ಹೆಸರು ತಿದ್ದೋಣವೆಂದರೆ, 'ದಯವಿಟ್ಟು ಬ್ಯಾಕ್ ಒತ್ತಬೇಡಿ.' ಹೊಸ ಅರ್ಜಿ ಹಾಕೋಣವೆಂದರೆ, 'ಈ ಆಧಾರ್ ಸಂಖ್ಯೆಯಲ್ಲಿ ಈಗಾಗಲೇ ಒಂದು ಅರ್ಜಿ ಇದೆ.' ಬೆಂಗಳೂರಿನಲ್ಲಿ ಕೂತು ನಾನೂ ಸಾಯಂಕಾಲ ಎರಡು ಗಂಟೆ ಗುದ್ದಾಡಿದೆ. ಪುಟದ ಹೊಟ್ಟೆ ಬಗೆದು ನೋಡಿದೆ. ಹನ್ನೆರಡು ವರ್ಷದ ಅನುಭವ ಯಾವ ಕೆಲಸಕ್ಕೂ ಬರಲಿಲ್ಲ.

ಸೋಮವಾರ ತಿಪಟೂರಿನ ಸೈಬರ್ ಸೆಂಟರಿನ ಹುಡುಗ ಎರಡು ನಿಮಿಷದಲ್ಲಿ ದಾರಿ ತೋರಿಸಿದ. "ಇದು ದಿನಾ ಬರೋದೇ ಯಜಮಾನ್ರೇ. ಚನಬಸಪ, ಚನ್ನಬಸಪ್ಪ ಇಬ್ರೂ ಒಬ್ರೇ ಅಂತ ಒಂದು ಅಫಿಡವಿಟ್ ಮಾಡ್ಸಿ. ನಾನು ಸ್ಕ್ಯಾನ್ ಮಾಡಿ ಹಾಕ್ತೀನಿ."

ಕೋರ್ಟು ಬಳಿಯ ಟೈಪಿಸ್ಟು ಛಾಪಾ ಕಾಗದದ ಮೇಲೆ 'ನುಡಿ' ತಂತ್ರಾಂಶದಲ್ಲಿ ಟೈಪು ಮಾಡಿಕೊಟ್ಟರಂತೆ. ಒತ್ತು, ದೀರ್ಘ, ಸೊನ್ನೆ ಒಂದೂ ಕತ್ತರಿಸಿರಲಿಲ್ಲ. ನೋಟರಿಯವರು ಕನ್ನಡಕ ಏರಿಸಿ ಎರಡು ಸಲ ಓದಿದರು. ಪೆನ್ನು ದೊಡ್ಡಪ್ಪನ ಕೈಗೆ ಕೊಟ್ಟು, ಮತ್ತೆ ಏನೋ ಹೊಳೆದವರಂತೆ ಹಿಂದಕ್ಕೆ ತೆಗೆದುಕೊಂಡರು.

"ಅಲ್ಲಾ ಯಜಮಾನ್ರೇ, ಈಗ ಸೈನು ಯಾರು ಹಾಕ್ತೀರಾ?"